ಎರೆಮಣ್ಣಿನಲ್ಲಿ ತವರಿನ ಸಸಿ

ಮೀನಾ ಮದುವೆಯಾಗಿ ದಂಡಿನಶಿವರಕ್ಕೆ ಬರುವಾಗ ಅವಳ ಮಡಿಲಲ್ಲಿ ಒಂದು ಮೊಳೆತ ತೆಂಗಿನಕಾಯಿ ಇತ್ತು. ಹುಳಿಯಾರಿನಾಚೆಯ ಅವಳ ತವರುಮನೆಯಲ್ಲಿ ಅದು ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿ. ಹೆಣ್ಣು ಹುಟ್ಟಿದರೆ ಹಿತ್ತಿಲಲ್ಲಿ ಒಂದು ತೆಂಗು ನೆಡುತ್ತಿದ್ದರು. ಅವಳು ಗಂಡನ ಮನೆಗೆ ಹೊರಡುವಾಗ ಅದೇ ಮರದ ಕಾಯಿ ಮೊಳೆಸಿ ಜೊತೆಗೆ ಕಳಿಸುತ್ತಿದ್ದರು. ಮೆಟಡಾರ್ ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದರ ಎಳೆ ಗರಿ ಪಕ್ಕದಲ್ಲಿ ಕೂತಿದ್ದ ಭೀಮರಾಜುವಿನ ಕೆನ್ನೆಗೆ ತಾಗುತ್ತಿತ್ತು. ಅವನು ಅದನ್ನು ಸರಿಸಲಿಲ್ಲ. ಮೀನಾ ಓರೆಗಣ್ಣಿನಲ್ಲಿ ನೋಡಿಕೊಂಡಳು. ಗಂಡನ ಬಗ್ಗೆ ಅವಳಿಗೆ ತಿಳಿದ ಮೊದಲ ಸಂಗತಿ ಅದು.

ಹೊರಡುವ ಹೊತ್ತಿಗೆ ಅವಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ್ದಳು: “ನೀನು ಕಷ್ಟ ಸುಖ ಬಾಯ್ಬಿಟ್ಟು ಹೇಳೋಳಲ್ಲ ಕಣೇ. ಬಿತ್ನೆಗೆ ಮುಂಚೆ ಒಂದ್ಸಲ ಬತ್ತೀನಿ. ನಿನ್ನೇನೂ ಕೇಳಲ್ಲ, ಸಸಿ ನೋಡ್ತೀನಿ. ಅದು ಚೆನ್ನಾಗಿದ್ರೆ ನೀನೂ ಚೆನ್ನಾಗಿದೀಯ ಅಂದ್ಕೊಂಡು ನೆಮ್ದಿಯಾಗಿ ವಾಪಸ್ ಹೋಯ್ತೀನಿ.”

ಅವ್ವ ಹೇಳಿದ್ದು ನಿಜ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಮೀನಾಳ ಬಾಯಲ್ಲಿ ಮಾತು ಕಡಿಮೆ. ಎಲ್ಲವೂ ಕಣ್ಣಲ್ಲೇ. ಗಂಡನ ಮನೆಗೆ ಬಂದು ತಿಂಗಳಾದರೂ ಅವಳು ಆಡುತ್ತಿದ್ದದ್ದು “ಹೂಂ”, “ಸರಿ ಅತ್ತೆ”, “ಬಡಿಸ್ಲಾ?” ಇಷ್ಟೇ. ಆದರೆ ಅಷ್ಟರಲ್ಲಿ ಮನೆಯವರ ಒಂದೊಂದು ಅಭ್ಯಾಸವೂ ಅವಳಿಗೆ ಬಾಯಿಪಾಠವಾಗಿತ್ತು. ಮಾವ ಗಂಗಯ್ಯ ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಹತ್ತಿರ ಯಾವ ಮರವಿದೆಯೋ ಅದಕ್ಕೆ ಒರೆಸುತ್ತಿದ್ದರು. ತೋಟದ ಅರ್ಧ ಮರಗಳಿಗೆ ಹೀಗೆ ಬಿಳಿ ಗೀರುಗಳಿದ್ದವು. ಅತ್ತೆ ಹುಚ್ಚಕ್ಕ ಬೈಯುತ್ತಲೇ ಬಡಿಸುತ್ತಿದ್ದರು, ಬೈಗುಳ ಜೋರಾದಷ್ಟೂ ಮುದ್ದೆ ದೊಡ್ಡದಾಗುತ್ತಿತ್ತು. ಭೀಮರಾಜು ಗುದ್ದಲಿಯಲ್ಲಿ ಮಣ್ಣು ಹಾಕಿದರೆ ಅದನ್ನು ಗುದ್ದಲಿಯ ಬೆನ್ನಿನಿಂದ ತಟ್ಟಿ, ರೊಟ್ಟಿ ತಟ್ಟಿದ ಹಾಗೆ ನುಣುಪು ಮಾಡದೆ ಬಿಡುತ್ತಿರಲಿಲ್ಲ.

ಸಸಿ ನೆಡಲು ಗಂಗಯ್ಯನವರೇ ಜಾಗ ಹುಡುಕಿದ್ದರು. ಕೆರೆಯ ಕೆಳಗಿನ ತೋಟ ಅವರದು, ಒತ್ತಾದ ಎರೆಮಣ್ಣು. ಅಡುಗೆಮನೆ ಬಾಗಿಲಲ್ಲಿ ನಿಂತರೆ ಕಾಣುವ ಹಾಗೆ ತೋಟದ ಅಂಚಿನಲ್ಲಿ ಗುಂಡಿ ತೋಡಿಸಿದರು. ಸಸಿ ನೆಟ್ಟು, ಸುತ್ತ ಪಾತಿ ಕಟ್ಟಿದ ಮೇಲೆ ಹುಚ್ಚಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ನೋಡ್ರಪ್ಪ, ಇದು ಅವಳ ತವರಿನ ಗಿಡ. ನೀರು ಅವಳ ಕೈಯಿಂದ್ಲೇ ಬೀಳ್ಬೇಕು. ಬೇರೆ ಯಾರೂ ಮುಟ್ಟಂಗಿಲ್ಲ. ಗಿಡ ಬೇರು ಬಿಟ್ರೆ ಹೆಣ್ಣೂ ಬೇರು ಬಿಟ್ಟಂಗೆ. ಗೊತ್ತಾಯ್ತೇನ್ರೀ?”

“ನಂಗ್ಯಾಕೆ ಹೇಳ್ತೀಯಾ? ನಾನೇನ್ ನೀರ್ ಕಳ್ಳನಾ?” ಎಂದರು ಗಂಗಯ್ಯ.

ಮೊದಮೊದಲು ಸಸಿ ಚೆನ್ನಾಗಿಯೇ ಇತ್ತು. ಮೀನಾ ತವರಿನಲ್ಲಿ ಹಾಕುತ್ತಿದ್ದ ಹಾಗೆಯೇ ನೀರು ಹಾಕಿದಳು. ಅಲ್ಲಿನದು ಕೆಮ್ಮಣ್ಣು, ಮರಳು ಮಿಶ್ರ. ಒಂದು ಬಿಂದಿಗೆ ಹುಯ್ದರೆ ‘ಸೊರ್’ ಎಂದು ಒಳಗೆ ಹೋಗುತ್ತಿತ್ತು, ಮಾರನೆಯ ದಿನ ಮತ್ತೆ ಬಾಯಿ ತೆರೆದು ನಿಲ್ಲುತ್ತಿತ್ತು. ಅಲ್ಲಿ ಮಣ್ಣನ್ನು ನೋಡಿದರೆ ಸಾಕು, ಗಿಡದ ಹೊಟ್ಟೆ ತಿಳಿಯುತ್ತಿತ್ತು. ಮೇಲೆ ಒಣಗಿದೆ ಎಂದರೆ ಒಳಗೂ ಒಣಗಿದೆ ಎಂದೇ ಲೆಕ್ಕ.

ಆದರೆ ಈ ಮಣ್ಣು ಬೇರೆ ತರಹ ನಡೆದುಕೊಳ್ಳುತ್ತಿತ್ತು. ನೀರು ಹುಯ್ದರೆ ಪಾತಿಯಲ್ಲಿ ಕನ್ನಡಿಯ ಹಾಗೆ ನಿಂತು, ಯೋಚನೆ ಮಾಡಿ ಮಾಡಿ ಇಳಿಯುತ್ತಿತ್ತು. ಬೇಸಿಗೆಯ ಬಿಸಿಲಿಗೆ ಮಾರನೆಯ ದಿನವೇ ಮೇಲೆ ಬಿರುಕು ಬಿಡುತ್ತಿತ್ತು. ಬಿರುಕು ಕಂಡಾಗಲೆಲ್ಲ ಮೀನಾ ಅಯ್ಯೋ ಬಾಯಾರಿದೆ ಎಂದು ಇನ್ನೊಂದು ಬಿಂದಿಗೆ ತಂದು ಹುಯ್ಯುತ್ತಿದ್ದಳು.

ಯುಗಾದಿ ಕಳೆಯುವ ಹೊತ್ತಿಗೆ ಸಸಿ ಬಣ್ಣಗೆಟ್ಟಿತು. ಮೊದಲು ಕೆಳಗಿನ ಗರಿಯ ತುದಿ ಕಂದಿತು. ಆಮೇಲೆ ಸುಳಿ ನಿಂಬೆಹಣ್ಣಿನ ಹಾಗೆ ಹಳದಿಗೆ ತಿರುಗಿತು. ಗರಿಗಳು ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿದವು.

ಪಕ್ಕದ ತೋಟದ ಹೊಂಬಾಳಮ್ಮ ಹಸುವಿಗೆ ಹುಲ್ಲು ಹೊತ್ತು ಹೋಗುವಾಗ ಬೇಲಿಯ ಹತ್ತಿರ ನಿಂತರು. “ಏನೇ ಹುಚ್ಚಕ್ಕ, ನಿನ್ ಸೊಸೆ ತಂದ ಗಿಡ ತೂಕಡಿಸ್ತಾ ಐತೆ! ಅದ್ಕೂ ನಮ್ಮೂರು ಹಿಡಿಸ್ನಿಲ್ವೇನೋ.”

“ನಿನ್ ಹಸ ನೋಡ್ಕೋ ಹೋಗೇ. ಅದು ಬೇಲಿ ಹಾರಿ ನಮ್ ತೋಟಕ್ಕೆ ಬತ್ತದಲ್ಲ, ಅದ್ಕೆ ನಿಮ್ಮನೆ ಹಿಡಿಸ್ನಿಲ್ವೋ?” ಎಂದರು ಹುಚ್ಚಕ್ಕ. ಹೊಂಬಾಳಮ್ಮ ನಗುತ್ತಾ ಹೋದರು. ಅದು ಹೊಂಬಾಳಮ್ಮನಿಗೆ ದಾರಿಯ ಮೇಲಿನ ಮಾತು. ಬಾಗಿಲ ಹಿಂದೆ ನಿಂತಿದ್ದ ಮೀನಾ ಮಾತ್ರ ಅದನ್ನು ದಿನವಿಡೀ ಮನಸ್ಸಿನಲ್ಲಿ ಮೆಲುಕು ಹಾಕಿದಳು. ಬಿತ್ತನೆ ಹತ್ತಿರ ಬರುತ್ತಿತ್ತು. ಅವ್ವ ಬರುತ್ತಾಳೆ. ಏನೂ ಕೇಳದೆ ನೇರವಾಗಿ ಪಾತಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಆಮೇಲೆ ನಾನು ಚೆನ್ನಾಗಿದೀನಿ ಅಂತ ಸಾವಿರ ಸಲ ಹೇಳಿದರೂ ನಂಬುತ್ತಾಳೆಯೇ? ಅದಿರಲಿ, ನಾನು ಚೆನ್ನಾಗಿದೀನಾ? ಈ ಮನೆ ನನ್ನನ್ನು ಒಪ್ಪಿಕೊಂಡಿದೆಯಾ? ಸಸಿಯನ್ನು ನೋಡಿದರೆ ಇಲ್ಲ ಎನ್ನುವ ಹಾಗಿತ್ತು.

ಮನೆಯವರು ಯಾರೂ ಒಂದು ಮಾತು ಆಡಲಿಲ್ಲ. ಅದೇ ಅವಳನ್ನು ಇನ್ನೂ ಹಿಂಡಿತು. ಹುಚ್ಚಕ್ಕ ಉಪ್ಪು ಹೆಚ್ಚಾದದ್ದಕ್ಕೆ ಬೈಯುತ್ತಿದ್ದರು, ಹಾಲು ಉಕ್ಕಿದ್ದಕ್ಕೆ ಬೈಯುತ್ತಿದ್ದರು, ಸಸಿಯ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮೀನಾ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ತಂಪು ಹೊತ್ತಿನಲ್ಲೇ ಪಾತಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಕೈಯಲ್ಲಿ ಬಿಂದಿಗೆ ಇತ್ತು. ಹುಯ್ಯಬೇಕು ಎನ್ನುವಷ್ಟರಲ್ಲಿ ಏನೋ ಒಂದು ಅವಳನ್ನು ತಡೆಯಿತು. ಗರಿ ಇನ್ನೂ ಜೋತುಬಿದ್ದಿತ್ತು.

ಅವಳು ಬಿಂದಿಗೆ ಕೆಳಗಿಟ್ಟಳು. ತವರಿನ ಹಿತ್ತಿಲಲ್ಲಿ ಬಾಯಾರಿದ ಬದನೆ ಗಿಡ, ಕುಂಬಳದ ಬಳ್ಳಿ ಎಷ್ಟು ನೋಡಿರಲಿಲ್ಲ ಅವಳು! ಮಧ್ಯಾಹ್ನದ ಬಿಸಿಲಿಗೆ ಸೋತು ಮಲಗಿದರೂ ರಾತ್ರಿಯ ತಂಪಿಗೆ ಚೇತರಿಸಿಕೊಂಡು ಬೆಳಿಗ್ಗೆ ಎದ್ದು ನಿಂತಿರುತ್ತಿದ್ದವು. ಬಾಯಾರಿಕೆ ಬಿಸಿಲಿನ ಜೊತೆ ಬಂದು ನೆರಳಿನ ಜೊತೆ ಹೋಗುತ್ತದೆ. ಈ ಸಸಿಗೆ ಬೆಳಿಗ್ಗೆಯ ತಂಪಿನಲ್ಲೂ ತಲೆ ಎತ್ತಲು ಆಗುತ್ತಿಲ್ಲ. ಹಾಗಾದರೆ ಇದು ಬಾಯಾರಿಕೆ ಅಲ್ಲ.

ಮೇಲಿನ ಬಿರುಕು ಬಿಟ್ಟ ಹೆಂಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅದು ಒಣಗಿ ಹಪ್ಪಳದಂತಿತ್ತು. ಅದರಡಿಯಲ್ಲಿ ಬೆರಳಿಟ್ಟಳು, ತಂಪಾಗಿತ್ತು. ಇನ್ನೂ ಕೆದಕಿದಳು. ಮೊಣಕೈಯವರೆಗೆ ಕೈ ಇಳಿಸಿದಾಗ ಮಣ್ಣು ನಾದಿದ ಹಿಟ್ಟಿನ ಹಾಗೆ ಬಳೆಗಳಿಗೆಲ್ಲ ಮೆತ್ತಿಕೊಂಡಿತು. ಒಂದು ಹಿಡಿ ತೆಗೆದು ಹಿಂಡಿದಳು. ಬೆರಳ ಸಂದಿಯಲ್ಲಿ ನೀರು ಒಸರಿತು. ಮೂಸಿದರೆ ಹುಳಿತ ವಾಸನೆ, ತೋಯ್ದು ಮೂಲೆಗೆ ಬಿದ್ದ ಗೋಣಿಚೀಲದ್ದು.

ಸಸಿಯನ್ನು ನೀರಿನಲ್ಲೇ ಕತ್ತಿನವರೆಗೆ ಮುಳುಗಿಸಿ ನಿಲ್ಲಿಸಿ, ಬಾಯಾರಿತಾ ಎಂದು ಕೇಳಿದ ಹಾಗಾಗಿತ್ತು. ಬೇರಿಗೆ ಉಸಿರಾಡಲು ಒಂದು ಸಂದಿಯೂ ಇಲ್ಲ. ಉಸಿರೇ ಇಲ್ಲದಿದ್ದರೆ ನೀರು ಕುಡಿಯುವುದು ಹೇಗೆ?

ಆದರೆ ಒಂದು ಲೆಕ್ಕ ತಾಳೆಯಾಗಲಿಲ್ಲ. ಅವಳು ಹಾಕುತ್ತಿದ್ದದ್ದು ಒಂದು ಬಿಂದಿಗೆ, ಅದೂ ಬಿರುಕು ಕಂಡಾಗ. ಅಷ್ಟಕ್ಕೆ ಇಷ್ಟು ಕೆಸರಾಗುವುದು ಸಾಧ್ಯವೇ?

ಅವಳು ಕೂತಲ್ಲೇ ಸುತ್ತ ನೋಡಿದಳು. ನಿಜವಾಗಿ ನೋಡಿದ್ದು ಆಗಲೇ; ಅಲ್ಲಿಯವರೆಗೆ ಸಸಿಯ ಮುಖ ಬಿಟ್ಟು ಬೇರೇನೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಪಾತಿಯ ಒಳ ಅಂಚಿನಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಬೆರಳಿನಲ್ಲಿ ತೆಗೆದಳು. ಅಕ್ಕಿಕಾಳು. ಒಂದಲ್ಲ, ಅಲ್ಲಲ್ಲಿ ನುಚ್ಚು. ಅಕ್ಕಿ ತೊಳೆದ ನೀರನ್ನು ಹಸುವಿನ ಕಲಗಚ್ಚಿಗೆ ಹಾಕುತ್ತೇನೆ ಎಂದು ಅತ್ತೆ ದಿನಾ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದರು. ಹಸು ಕಟ್ಟಿದ್ದು ಮನೆಯ ಮುಂದೆ.

ಅವಳು ಎದ್ದು ನಿಂತಳು. ತೋಟಕ್ಕೆ ನೀರು ಹಾಯಿಸುವ ಕಾಲುವೆ ಪಾತಿಯಿಂದ ಎರಡು ಮಾರು ದೂರದಲ್ಲಿತ್ತು. ಅದರ ಏರಿಯಲ್ಲಿ ಒಂದು ಕಡೆ ಹೊಸ ಮಣ್ಣು. ಯಾರೋ ಕಡಿದು ನೀರು ತಿರುಗಿಸಿ ಮತ್ತೆ ಮುಚ್ಚಿದ್ದರು. ಮುಚ್ಚಿದ್ದನ್ನು ಗುದ್ದಲಿಯ ಬೆನ್ನಿನಲ್ಲಿ ರೊಟ್ಟಿಯ ಹಾಗೆ ನುಣ್ಣಗೆ ತಟ್ಟಿದ್ದರು. ಮೀನಾಳ ಕೆನ್ನೆ ಬಿಸಿಯಾಯಿತು.

ಇನ್ನು ಹುಡುಕುವುದು ಬೇಕಿರಲಿಲ್ಲ, ಆದರೂ ಕಣ್ಣು ತಾನಾಗಿ ಪಕ್ಕದ ತೆಂಗಿನ ಮರದ ಮೇಲೆ ಹೋಯಿತು. ಅಲ್ಲಿ, ಎದೆಯ ಎತ್ತರದಲ್ಲಿ, ಒಂದರ ಮೇಲೊಂದು ಸುಣ್ಣದ ಗೀರುಗಳು. ಹಳೆಯದು, ನಿನ್ನೆಯದು, ಇವತ್ತಿನದು. ಮಾವ ದಿನಾ ಇಲ್ಲಿಗೇ ಬಂದು ಹೋಗಿದ್ದರು. ನೀರ್ ಕಳ್ಳ!

ಅವಳು ಮರಕ್ಕೆ ಒರಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೊದಲು ನಗು ಬಂತು. ನಗು ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಹುಳಿಯಾರಿನ ಕಡೆಯ ಹೆಣ್ಣು, ನೀರು ಕಾಣದ ಸೀಮೆಯಿಂದ ಬಂದವಳು, ನೀರು ಹುಯ್ಯಲು ಕೈ ಬಿಗಿ ಹಿಡಿಯುತ್ತಾಳೇನೋ ಎಂದು ಒಬ್ಬೊಬ್ಬರೂ ಅಂದುಕೊಂಡಿರಬೇಕು. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಹೇಳದೆ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ತಂದು ಸುರಿದಿದ್ದರು. ಈ ಮನೆ ಅವಳ ಸಸಿಯನ್ನು ಒಪ್ಪಿಕೊಂಡಿರಲಿಲ್ಲ ಎಂದಲ್ಲ. ಒಪ್ಪಿಕೊಂಡದ್ದು ಹೆಚ್ಚಾಗಿತ್ತು.

ಈಗ ಇದನ್ನು ಹೇಳಬೇಕು. ಆದರೆ ಹೇಗೆ? ಮನೆಗೆ ಬಂದು ತಿಂಗಳೆರಡಾಗದ ಸೊಸೆ, ‘ನೀರು ಹಾಕಬೇಡಿ’ ಎಂದು ಮಾವನಿಗೆ ಹೇಳುವುದೇ? ಮಾತು ಗಂಟಲವರೆಗೆ ಬರುವುದು, ಅತ್ತೆಯ ಮುಖ ಕಂಡರೆ ಒಳಗೆ ಓಡುವುದು. ಆ ದಿನ ಹಾಗೇ ಹೋಯಿತು. ಅವಳು ಮಾಡಿದ್ದು ಇಷ್ಟೇ: ಅಕ್ಕಿ ತೊಳೆದ ನೀರನ್ನು ಅತ್ತೆಗಿಂತ ಮೊದಲೇ ಎತ್ತಿ ಹಸುವಿಗೆ ಇಟ್ಟಳು. ಹುಚ್ಚಕ್ಕ ಖಾಲಿ ಪಾತ್ರೆಯನ್ನು ಒಮ್ಮೆ, ಸೊಸೆಯನ್ನು ಒಮ್ಮೆ ನೋಡಿ, “ಏನ್ ಚುರುಕೋ ಇವತ್ತು!” ಎಂದು ಗೊಣಗಿದರು.

ಮಾರನೆಯ ದಿನ ಭೀಮರಾಜು ತಿಪಟೂರಿಗೆ ಹೋದವನು ಮೊಪೆಡ್ಡಿನ ಹಿಂದೆ ಗೋಣಿಯಲ್ಲಿ ಸುತ್ತಿದ ಏನನ್ನೋ ಕಟ್ಟಿಕೊಂಡು ಬಂದ. ಬಿಚ್ಚಿದರೆ ಒಳಗೆ ಹಸಿರಾದ, ಗಟ್ಟಿಮುಟ್ಟಾದ ತೆಂಗಿನ ಸಸಿ. ಹಟ್ಟಿಯ ಗೋಡೆಗೆ ಒರಗಿಸಿಟ್ಟು ಗುದ್ದಲಿ ತೆಗೆದುಕೊಂಡ. ಗಂಗಯ್ಯ ತಲೆಯಾಡಿಸಿದರು. ಹುಚ್ಚಕ್ಕ ಮೀನಾಳ ಕಡೆ ನೋಡದೆ ಹೇಳಿದರು:

“ಅದು ಉಳಿಯಂಗ್ ಕಾಣಲ್ಲ ಕಣವ್ವ. ನಿಮ್ಮವ್ವ ಬರೋದ್ರೊಳಗೆ ಇದನ್ನ ನೆಟ್ಬುಡಾನ. ಅಷ್ಟೇ ಎತ್ತರ ನೋಡಿ ತಂದವ್ನೆ. ಯಾರ್ಗೂ ಗೊತ್ತಾಗಲ್ಲ ಬುಡು.”

ಭೀಮರಾಜು ಆಗಲೇ ಪಾತಿಯ ಹತ್ತಿರ ಹೋಗಿದ್ದ. ಗುದ್ದಲಿ ಎತ್ತಿದ.

“ಕೀಳ್ಬ್ಯಾಡಿ!”

ಎಲ್ಲರೂ ತಿರುಗಿ ನೋಡಿದರು. ಮೂವರಿಗೂ ಆ ದನಿ ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ. ಅಷ್ಟು ಗಟ್ಟಿಯಾಗಿ ಅದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೀನಾ ಬರಿಗಾಲಲ್ಲಿ ಓಡಿಬಂದು ಗುದ್ದಲಿಗೂ ಸಸಿಗೂ ನಡುವೆ ನಿಂತಳು.

“ಅದು ಸತ್ತಿಲ್ಲ. ಅದ್ಕೆ... ಅದ್ಕೆ ನೀರು ಜಾಸ್ತಿಯಾಗೈತೆ. ನೀರ್ ಹಾಕ್ಬ್ಯಾಡಿ. ಯಾರೂ ಹಾಕ್ಬ್ಯಾಡಿ.”

“ಯಾರ್ ಹಾಕ್ತಾರೆ? ನೀನೊಬ್ಳೇ ತಾನೆ ಹಾಕೋಳು?” ಎಂದರು ಹುಚ್ಚಕ್ಕ. ಎಂದವರೇ ಸೆರಗು ಸರಿಮಾಡಿಕೊಂಡರು.

ಮೀನಾ ಬಗ್ಗಿ, ಪಾತಿಯ ಅಂಚಿನಿಂದ ಒಂದು ಅಕ್ಕಿಕಾಳು ಆರಿಸಿ ಅಂಗೈಯಲ್ಲಿಟ್ಟು ಹಿಡಿದಳು.

ಹುಚ್ಚಕ್ಕ ಅಂಗೈ ನೋಡಿದರು. ಗಂಗಯ್ಯ ಹುಚ್ಚಕ್ಕನನ್ನು ನೋಡಿದರು. “ಓಹೋಹೋ! ನೀನೇ ಕಾನೂನ್ ಮಾಡ್ದೋಳು, ನೀನೇ ಮುರ್ದೋಳು!”

“ಒಂದ್ ಪಾತ್ರೆ ಅಕ್ಕಿ ತೊಳ್ದ ನೀರು ಕಣ್ರೀ, ಸತ್ವ ಬರ್ಲಿ ಅಂತ...”

ಮೀನಾಳ ಕಣ್ಣು ಪಕ್ಕದ ಮರದ ಮೇಲಿನ ಸುಣ್ಣದ ಗೀರುಗಳ ಕಡೆ ಹೋಯಿತು. ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು. ಗಂಗಯ್ಯ ಕೆಮ್ಮಿದರು.

“ಅಪ್ಪ, ನೀನೂನಾ?” ಭೀಮರಾಜು ಗೊಳ್ಳೆಂದು ನಕ್ಕ.

“ನಗ್ಬ್ಯಾಡ ಕಣ್ಲಾ. ಕಾಲ್ವೆ ಏರಿನ ಹೊಸ್ದಾಗಿ ಮೆತ್ತಿದೋನು ಯಾರೋ, ನಂಗೊತ್ತಿಲ್ವಾ? ಗುದ್ದಲಿ ಬೆನ್ನಲ್ಲಿ ತಟ್ಟೋನು ಈ ಹೋಬ್ಳಿಗೆ ನೀನೊಬ್ನೇ.”

ಭೀಮರಾಜುವಿನ ನಗು ಅರ್ಧಕ್ಕೆ ನಿಂತಿತು. ಹುಚ್ಚಕ್ಕನಿಗೂ ನಗು ತಡೆಯಲಾಗಲಿಲ್ಲ. ಅವರ ಹಿಂದೆ ಮೀನಾಳೂ ನಕ್ಕಳು. ಸೆರಗು ಅಡ್ಡ ಹಿಡಿಯುವುದನ್ನು ಮರೆತಿದ್ದಳು.

ಗಂಗಯ್ಯ ಬಂದು ಪಾತಿಯೊಳಗೆ ಕೈಯಿಳಿಸಿದರು. ಒಂದು ಹಿಡಿ ಮಣ್ಣು ತೆಗೆದು ಹಿಂಡಿ, ಮೂಸಿ, ತಲೆ ಅಲ್ಲಾಡಿಸಿದರು. “ಹುಟ್ಟಿದಾಗ್ನಿಂದ ಇದೇ ಮಣ್ಣಲ್ಲಿ ಹೊರಳಾಡಿವ್ನಿ. ಬೇರೆಯೋರ ತೋಟದಾಗಿದ್ರೆ ದೂರದಲ್ಲೇ ನಿಂತು ಹೇಳ್ಬುಡ್ತಿದ್ದೆ. ಇದೊಂದ್ ಗಿಡದ ಮುಂದೆ ಬುದ್ಧಿ ಮಂಕಾಯ್ತು ನೋಡು.” ಆಮೇಲೆ ಮೀನಾಳ ಕಡೆ ತಿರುಗಿ, ಮೊದಲ ಸಲ ಅವಳ ಜೊತೆ ನೇರವಾಗಿ ಮಾತಾಡಿದರು. “ನಿಮ್ ಕೆಮ್ಮಣ್ಣು ಧಾರಾಳಿ ಕಣವ್ವ. ಇರೋದನ್ನೆಲ್ಲ ಕೊಟ್ಟು ಸಂಜೆಗೆ ಬರಿಗೈ. ಅದ್ಕೆ ದಿನಾ ಹಾಕ್ಬೇಕು. ಈ ಎರೆ ಐತಲ್ಲ, ಜಿಪುಣ. ಹೊಟ್ಟೆ ತುಂಬ ಇಟ್ಕೊಂಡು, ಗಿಡ ಎಳುದ್ರೆ ಒಂದೊಂದೇ ತೊಟ್ಟು ಬಿಡ್ತದೆ. ಕಂಠಮಟ್ಟ ತುಂಬುದ್ರೆ ಉಸಿರೂ ಬಿಡಲ್ಲ. ತೇವ ಐತೆ ಅಂದ್ರೆ ಗಿಡಕ್ಕೆ ಸಿಕ್ತೈತೆ ಅಂತಲ್ಲ.”

“ಮೇಲೆ ಬಿರುಕು ಬಿಟ್ಟಿತ್ತು ಮಾವ. ನಾನು ಒಣಗೈತೆ ಅಂದ್ಕೊಂಡೆ.”

“ಅದು ಮುಖ ಸಿಂಡರಿಸೋದು ಅಷ್ಟೆ. ನಿಮ್ಮತ್ತೆ ಇಲ್ವಾ, ಹಂಗೆ. ಮೇಲೆ ನೋಡಿ ಲೆಕ್ಕ ಹಾಕ್ಬಾರ್ದು.”

“ಸಾಕು ಸುಮ್ನಿರ್ರೀ,” ಎಂದರು ಹುಚ್ಚಕ್ಕ. ಆದರೆ ಅವರ ಕೈ ಆಗಲೇ ಮೀನಾಳ ಅಂಗೈಗೆ ಮೆತ್ತಿದ್ದ ಮಣ್ಣನ್ನು ಒರೆಸುತ್ತಿತ್ತು.

ಆ ಸಂಜೆಯೇ ಕೆಲಸ ನಡೆಯಿತು. ಭೀಮರಾಜು ಪಾತಿ ಒಡೆದು ನೀರು ಬಸಿಯಲು ದಾರಿ ಮಾಡಿದ. ಸಸಿಯನ್ನು ಮೆಲ್ಲಗೆ ಎತ್ತಿದಾಗ ಅರ್ಧ ಬೇರು ಕಪ್ಪಾಗಿ ಕೊಳೆತಿತ್ತು. ಇನ್ನರ್ಧದಲ್ಲಿ ಎರಡು ಮೂರು ತುದಿ ಮಾತ್ರ ಇನ್ನೂ ಬೆಳ್ಳಗಿದ್ದವು. “ಜೀವ ಐತೆ,” ಎಂದು ಅವನು ಮೀನಾಳಿಗಷ್ಟೇ ಕೇಳುವ ಹಾಗೆ ಹೇಳಿದ. ಕೊಳೆತದ್ದನ್ನು ಕತ್ತರಿಸಿದರು. ಗುಂಡಿಗೆ ಕಾಯಿ ಸುಲಿದ ಸಿಪ್ಪೆ ಹಾಸಿ, ಹಳ್ಳದ ಮರಳು ಬೆರೆಸಿದ ಮಣ್ಣು ತುಂಬಿ, ದಿಬ್ಬ ಮಾಡಿ, ಅದರ ಮೇಲೆ ಮತ್ತೆ ನೆಟ್ಟರು. ತಿಪಟೂರಿನ ಸಸಿಯನ್ನು ದೂರದ ಇನ್ನೊಂದು ಮೂಲೆಯಲ್ಲಿ ಹಾಕಿದರು. “ಅದ್ಕೆ ನಾನ್ ನೀರ್ ಹಾಕ್ತೀನಪ್ಪ. ನನ್ ಕೈ ಸುಮ್ನಿರಲ್ಲ,” ಎಂದರು ಹುಚ್ಚಕ್ಕ. “ಅದನ್ನೂ ಕೊಲ್ತೀಯಾ? ಸೊಸೆನ ಕೇಳಿ ಹಾಕು,” ಎಂದರು ಗಂಗಯ್ಯ.

ನೀರು ಹಾಕುವುದಕ್ಕಿಂತ ಹಾಕದೆ ಇರುವುದು ಎಷ್ಟು ಕಷ್ಟ ಎಂದು ಆ ಮನೆಯವರಿಗೆ ತಿಳಿದದ್ದು ಆಮೇಲಿನ ದಿನಗಳಲ್ಲಿ. ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ದಿಬ್ಬದ ಮೇಲೆ ಬಿರುಕು ಬಿಟ್ಟಾಗ ಹುಚ್ಚಕ್ಕ ಆ ಕಡೆ ಬೆನ್ನು ಹಾಕಿ ಕೂತು ರಾಗಿ ಕೇರುತ್ತಿದ್ದರು. ಒಂದು ಸಲ ಗಂಗಯ್ಯ ತಂಬಿಗೆ ಹಿಡಿದುಕೊಂಡು ದಿಬ್ಬದ ಹತ್ತಿರ ಸುಮ್ಮನೆ ನಿಂತಿದ್ದರು.

“ಮಾವ!” ಅಡುಗೆಮನೆ ಬಾಗಿಲಿನಿಂದ ಮೀನಾ ಕೂಗಿದಳು.

“ನಂಗೇ ಬಾಯಾರಿತ್ತು ಕಣವ್ವ,” ಎಂದು ಗಂಗಯ್ಯ ತಂಬಿಗೆ ಎತ್ತಿ ಗಟಗಟ ಕುಡಿದರು. ಕುಡಿದು ಮುಗಿಸಿ, ಖಾಲಿಯಾಯಿತು ಎಂದು ತೋರಿಸಲು ಬೋರಲು ಹಾಕಿದರು.

ಮೀನಾ ದಿನವೂ ಬೆಳಿಗ್ಗೆ ಹೋಗಿ ಮೊದಲು ಗರಿ ನೋಡುತ್ತಿದ್ದಳು, ಆಮೇಲೆ ಆಳದಿಂದ ಒಂದು ಹಿಡಿ ಮಣ್ಣು. ಹಿಂಡಿದರೆ ನೀರು ಒಸರುವುದು ನಿಂತಿತು. ಆಮೇಲೆ ಉಂಡೆಯಾಗುತ್ತಿತ್ತು, ಬೆರಳಿಗೆ ಅಂಟುತ್ತಿರಲಿಲ್ಲ. ಹುಳಿ ವಾಸನೆ ಹೋಗಿ ಮೊದಲ ಮಳೆಯ ವಾಸನೆ ಬಂತು. ಕೆಳಗಿನ ಹಳೆಯ ಗರಿಗಳು ಒಣಗಿ ಹೋದವು, ಅವಳು ಹೆದರಲಿಲ್ಲ. ಒಂದು ಬೆಳಿಗ್ಗೆ, ಹಳದಿ ಸುಳಿಯ ನಡುವಿನಿಂದ ಸೂಜಿಯಂಥ ಹಸಿರು ತುದಿ ನೆಟ್ಟಗೆ ನಿಂತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಮಧ್ಯಾಹ್ನದೊಳಗೆ ಮೂವರೂ ಒಬ್ಬೊಬ್ಬರಾಗಿ ನೆಪ ಮಾಡಿಕೊಂಡು ಹೋಗಿ ನೋಡಿ ಬಂದಿದ್ದರು.

ಅವ್ವ ಬರುವ ಸುದ್ದಿ ಬಂದ ವಾರ. ಆ ದಿನ ಬೆಳಿಗ್ಗೆ ನೆಟ್ಟಗಿದ್ದ ಗರಿ ಮಧ್ಯಾಹ್ನ ಸ್ವಲ್ಪ ಸೋತಿತು. ಸಂಜೆಯ ತಂಪಿಗೆ ಮತ್ತೆ ಎದ್ದಿತು. ಮೀನಾ ಆಳದ ಮಣ್ಣು ತೆಗೆದು ಹಿಂಡಿದಳು. ಉಂಡೆ ಕಟ್ಟಿತು, ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಅವಳು ಅಂಗಳಕ್ಕೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಇವತ್ತು ಬಾಯಾರೈತೆ.”

ಗಂಗಯ್ಯ ಎಲೆಯಡಿಕೆ ಚೀಲ ಅಲ್ಲೇ ಬಿಟ್ಟು ಎದ್ದರು. ಭೀಮರಾಜು ತೊಟ್ಟಿಯಿಂದ ಬಿಂದಿಗೆ ತುಂಬಿ ತಂದ. ಮೀನಾ ಅದನ್ನು ಕಂಕುಳಿಗಿಟ್ಟುಕೊಂಡು ದಿಬ್ಬದ ಹತ್ತಿರ ಹೋದಳು. ಹುಚ್ಚಕ್ಕ ತಮ್ಮ ಕಾನೂನು ನೆನಪಾಗಿ, ಎರಡು ಹೆಜ್ಜೆ ಹಿಂದೆಯೇ ಕೈಕಟ್ಟಿ ನಿಂತರು.

ಮೀನಾ ಬಿಂದಿಗೆ ಬಗ್ಗಿಸಲಿಲ್ಲ. ತಿರುಗಿ ಅತ್ತೆಯ ಕಡೆ ಚಾಚಿದಳು.

“ನೀವು ಹುಯ್ಯಿ ಅತ್ತೆ.”

“ನಾನ್ಯಾಕೆ? ಅದು ನಿನ್ ತವರಿನ ಗಿಡ ಕಣೇ.”

“ಹುಯ್ಯಿ ಅತ್ತೆ. ನಾನ್ ಸಾಕು ಅಂದಾಗ ನಿಲ್ಸಿ.”

ಹುಚ್ಚಕ್ಕ ಮುಖ ಸಿಂಡರಿಸಿಕೊಂಡೇ ಮುಂದೆ ಬಂದು ಬಿಂದಿಗೆಯ ಬಾಯಿಗೆ ಕೈಹಾಕಿದರು. ಮೀನಾ ಕೆಳಗಿನಿಂದ ಹಿಡಿದುಕೊಂಡಳು. ನೀರು ಸಣ್ಣಗೆ, ಎಳೆಯಾಗಿ, ಬೇರಿನ ಸುತ್ತ ಬಿತ್ತು. ಮಣ್ಣು ನಿಧಾನವಾಗಿ ಅದನ್ನು ಒಳಗೆ ತೆಗೆದುಕೊಂಡಿತು.

“ಸಾಕು,” ಎಂದಳು ಮೀನಾ.

ಬಿಂದಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಹುಚ್ಚಕ್ಕ ಅದನ್ನು ನೋಡಿದರು, ಸಸಿಯನ್ನು ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಬಿಂದಿಗೆಯನ್ನು ನೆಟ್ಟಗೆ ಮಾಡಿದರು.